ಹಿಂದಿಕ್ಕಲಾಗದ ದಾರಿಯಲ್ಲಿ ಪಾಳಿಯೇ ಪಂದ್ಯ

ಮಾನ್ಯ ಸಂಪಾದಕರೇ,

ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಮುಗಿದ 2025ರ ಫಾರ್ಮುಲಾ ಒನ್ ಋತುವಿನ ಬಗ್ಗೆ ತಮ್ಮ ಕ್ರೀಡಾಪುಟದಲ್ಲಿ ಬಂದ ಬರಹವನ್ನೂ, ಅದರ ಬೆನ್ನಿಗೆ ಪ್ರಕಟವಾದ ಓದುಗರ ಎರಡು ಪತ್ರಗಳನ್ನೂ ಓದಿದೆ. ಮೆಕ್‌ಲಾರೆನ್ ತಂಡವು ತನ್ನ ಇಬ್ಬರು ಚಾಲಕರಲ್ಲಿ ಲ್ಯಾಂಡೊ ನಾರಿಸ್ ಅವರನ್ನು ಚಾಂಪಿಯನ್ ಮಾಡಬೇಕೆಂದು ಮೊದಲೇ ತೀರ್ಮಾನಿಸಿ ಆಸ್ಕರ್ ಪಿಯಾಸ್ಟ್ರಿ ಅವರನ್ನು ಕೈಬಿಟ್ಟಿತು ಎಂಬುದು ಮೂರೂ ಬರಹಗಳ ತಾತ್ಪರ್ಯ. ಓದುಗರೊಬ್ಬರು ‘ಕುತಂತ್ರ’ ಎಂಬ ಪದವನ್ನೇ ಬಳಸಿ, ನಾರಿಸ್ ಒಂದೇ ನಿಲುಗಡೆಯಿಂದ ಪಿಯಾಸ್ಟ್ರಿ ಅವರನ್ನು ಹಿಂದಿಕ್ಕಿ ಗೆದ್ದ ಆಗಸ್ಟ್ 3ರ ಹಂಗೇರಿ ರೇಸನ್ನು ಅದಕ್ಕೆ ಸಾಕ್ಷಿಯಾಗಿ ಒಡ್ಡಿದ್ದಾರೆ. ಆ ಸಾಕ್ಷಿ ನಿಲ್ಲುವುದಿಲ್ಲ ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ತಂಡ ತಪ್ಪನ್ನೇ ಮಾಡಲಿಲ್ಲ ಎನ್ನುವುದು ನನ್ನ ವಾದವಲ್ಲ. ಮಾಡಿದೆ, ಆದರೆ ಬೇರೆ ಊರಿನಲ್ಲಿ, ಬೇರೆ ಕಾರಣಕ್ಕೆ.

ನಾನು ಸಾರಿಗೆ ಸಂಸ್ಥೆಯವರು ‘ಸಂಚಾರ ನಿಯಂತ್ರಕ’ ಎಂದು ಕರೆಯುವ ಹುದ್ದೆಯಿಂದ ನಿವೃತ್ತನಾದವನು. ಯಾವ ಬಸ್ಸು ಯಾವ ಹೊತ್ತಿಗೆ ನಿಲ್ದಾಣ ಬಿಡಬೇಕು, ಯಾವುದರ ಹಿಂದೆ ಯಾವುದು ಹೋಗಬೇಕು ಎಂಬುದನ್ನು ಮೈಕಿನ ಮುಂದೆ ಕುಳಿತು ಹೇಳುವುದೇ ಅನೇಕ ವರ್ಷ ನನ್ನ ಉದ್ಯೋಗವಾಗಿತ್ತು. ಫಾರ್ಮುಲಾ ಒನ್ ನೋಡುವ ಚಟ ಹತ್ತಿಸಿದ್ದು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗ. ಆ ಕಾರುಗಳ ಒಳಗಿನ ಯಂತ್ರವಿದ್ಯೆ ಅವನಿಗೆ ಗೊತ್ತು. ನನಗೆ ಅದರಲ್ಲಿ ಅಷ್ಟು ಗತಿಯಿಲ್ಲ. ಆದರೆ ಒಂದೇ ಒಡೆಯನ ಎರಡು ಗಾಡಿಗಳು ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಹೋಗುವಾಗ ಏನೇನಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಿಂದಿನಿಂದ ಬರುವ ಕಾರು ತುಸು ನೇರದಾರಿ ಸಿಕ್ಕಿದೊಡನೆ ಲಾರಿಯನ್ನು ಹಿಂದೆ ಹಾಕಿ ಹೋಗುತ್ತದೆ, ಏಕೆಂದರೆ ಎರಡರ ಶಕ್ತಿಯಲ್ಲಿ ಅಜಗಜಾಂತರವಿದೆ. ಆದರೆ ಒಂದೇ ಘಟಕದ, ಒಂದೇ ಮಾದರಿಯ, ಒಂದೇ ಭಾರದ ಎರಡು ಬಸ್ಸುಗಳು ಹಿಂದೆ ಮುಂದೆ ಹೊರಟರೆ, ಹಿಂದಿನದು ಘಟ್ಟದ ತುದಿಯವರೆಗೂ ಮುಂದಿನದರ ಹೊಗೆ ಕುಡಿಯುತ್ತಲೇ ಹೋಗಬೇಕು. ಹಿಂದಿನ ಚಾಲಕ ಎಷ್ಟೇ ಜಾಣನಾಗಿರಲಿ, ಅವನ ಬಳಿ ಇರುವ ಗೇರು, ಎಂಜಿನ್ನು, ಟೈರುಗಳೆಲ್ಲ ಮುಂದಿನವನ ಬಳಿಯೂ ಇವೆ. ಮುಂದಿನ ಬಸ್ಸು ಚಹಾಕ್ಕೆಂದೋ ಪ್ರಯಾಣಿಕರನ್ನು ಇಳಿಸಲೆಂದೋ ನಿಂತಾಗ ಮಾತ್ರ ಹಿಂದಿನದಕ್ಕೆ ದಾರಿ. ಅಂದರೆ ಅಲ್ಲಿ ಯಾರು ಮುಂದೆ ಎಂಬುದು ತೀರ್ಮಾನವಾಗುವುದು ತಿರುವಿನಲ್ಲಲ್ಲ, ನಿಲುಗಡೆಯಲ್ಲಿ.

ಫಾರ್ಮುಲಾ ಒನ್‌ನಲ್ಲಿ ಒಂದೇ ತಂಡದ ಇಬ್ಬರು ಪ್ರಶಸ್ತಿಗಾಗಿ ಸೆಣಸುವಾಗ ಇದಕ್ಕಿಂತಲೂ ಬಿಗಿಯಾದ ಪರಿಸ್ಥಿತಿ ಉಂಟಾಗುತ್ತದೆ. ಆ ಕಾರುಗಳು ತಿರುವಿನಲ್ಲಿ ಜಾರದೆ ನಿಲ್ಲುವುದು ಬರೀ ಟೈರಿನ ಬಲದಿಂದಲ್ಲ. ರೆಕ್ಕೆಗಳ ಮೇಲೂ ಕಾರಿನ ತಳದಲ್ಲೂ ಹರಿಯುವ ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮುಂದಿನ ಕಾರು ಸೀಳಿಕೊಂಡು ಹೋದ ಗಾಳಿ ಹಿಂದಿನ ಕಾರಿಗೆ ತಲುಪುವಾಗ ಸುಳಿಸುಳಿಯಾಗಿ ಒಡೆದಿರುತ್ತದೆ. ಆಗ ಒತ್ತುವ ಬಲ ಕುಂದುತ್ತದೆ, ಕಾರು ಜಾರುತ್ತದೆ, ಜಾರಿದಷ್ಟೂ ಟೈರು ಕಾಯುತ್ತದೆ, ಕಾದ ಟೈರು ಇನ್ನಷ್ಟು ಹಿಡಿತ ಬಿಡುತ್ತದೆ. ಹತ್ತಿರ ಹೋದಷ್ಟೂ ಹತ್ತಿರ ಉಳಿಯುವುದು ಕಷ್ಟವಾಗುವ ವಿಚಿತ್ರ ಓಟವಿದು. 2011ರಲ್ಲಿ ಬಂದ ಡಿಆರ್‌ಎಸ್ ಎಂಬ ಏರ್ಪಾಟು, ಮುಂದಿನ ಕಾರಿಗಿಂತ 1 ಸೆಕೆಂಡಿನೊಳಗೆ ಹಿಂದಿರುವವನಿಗೆ ನೇರದಾರಿಯಲ್ಲಿ ಹಿಂಬದಿ ರೆಕ್ಕೆಯ ಫಲಕ ತೆರೆಯಲು ಅವಕಾಶ ಕೊಟ್ಟು ಈ ಕಷ್ಟವನ್ನು ಸ್ವಲ್ಪ ತಗ್ಗಿಸಿತು. 2022ರಲ್ಲಿ ಕಾರಿನ ಆಕಾರವನ್ನೇ ಬದಲಿಸಿ ಹಿಂದಿನವನಿಗೆ ತಲುಪುವ ಗಾಳಿಯನ್ನು ಹಸನುಗೊಳಿಸುವ ಪ್ರಯತ್ನವೂ ನಡೆಯಿತು. ಆದರೆ ತಂಡಗಳು ವರ್ಷ ವರ್ಷವೂ ಕಾರನ್ನು ತಿದ್ದುತ್ತ ಹೋದಂತೆ ಆ ಲಾಭದ ಬಹುಭಾಗ ಕರಗಿತು.

ಈಗ ಹಂಗೇರಿಗೆ ಬರೋಣ. ಬುಡಾಪೆಸ್ಟ್ ಬಳಿಯ ಹಂಗರೊರಿಂಗ್ 4.381 ಕಿ.ಮೀ. ಉದ್ದದ, ಒಂದರ ಹಿಂದೊಂದು ತಿರುವುಗಳಿರುವ ದಾರಿ. ರೇಸ್ 70 ಸುತ್ತು. 1990ರಲ್ಲಿ ಅಲ್ಲಿ ಥಿಯೆರಿ ಬೂಟ್ಸೆನ್ ಎಂಬ ಚಾಲಕ ಆರಂಭದಿಂದ ಕೊನೆಯವರೆಗೂ ಮುಂದಿದ್ದು, ಐರ್ಟನ್ ಸೆನ್ನಾ ಅವರಂಥ ಸೆನ್ನಾರನ್ನೇ 0.288 ಸೆಕೆಂಡು ಹಿಂದೆ ಇರಿಸಿಕೊಂಡು ಗೆದ್ದಿದ್ದರು. ಈ ವರ್ಷ ಅಲ್ಲಿ ಮೊದಲ ಸ್ಥಾನದಿಂದ ಹೊರಟವರು ಫೆರಾರಿಯ ಶಾರ್ಲ್ ಲೆಕ್ಲರ್. ಪಿಯಾಸ್ಟ್ರಿ ಎರಡನೆಯವರು, ನಾರಿಸ್ ಮೂರನೆಯವರು. ಮೊದಲ ಸುತ್ತಿನಲ್ಲೇ ನಾರಿಸ್ ಐದನೆಯ ಸ್ಥಾನಕ್ಕೆ ಕುಸಿದರು. ಆಸ್ಟನ್ ಮಾರ್ಟಿನ್ ತಂಡದ ಅಲೊನ್ಸೊ ಅವರನ್ನು ಬೇಗನೆ ಹಿಂದೆ ಹಾಕಿದರೂ ಮರ್ಸಿಡಿಸ್ ತಂಡದ ಜಾರ್ಜ್ ರಸಲ್ ಅವರ ಹಿಂದೆ ಸಿಕ್ಕಿಕೊಂಡರು. ಪಿಯಾಸ್ಟ್ರಿ ಅವರ ಗುರಿ ಲೆಕ್ಲರ್. ಆದ್ದರಿಂದ ಎದುರಾಳಿಗಿಂತ ಮೊದಲೇ ಹೊಸ ಟೈರು ಹಾಕಿಸಿ, ಆತ ಹಳೆಯ ಟೈರಿನಲ್ಲಿರುವಾಗಲೇ ವೇಗವಾಗಿ ಓಡಿ, ಆತ ನಿಂತು ಹೊರಬರುವಷ್ಟರಲ್ಲಿ ಮುಂದೆ ಸೇರುವ ‘ಅಂಡರ್‌ಕಟ್’ ಎಂಬ ಉಪಾಯಕ್ಕಾಗಿ ತಂಡ ಅವರನ್ನು 18ನೆಯ ಸುತ್ತಿನಲ್ಲಿ ಟೈರು ಬದಲಿಸುವ ನಿಲುಗಡೆಯಾದ ಪಿಟ್‌ಗೆ ಕರೆಯಿತು. ಮರುಸುತ್ತಿನಲ್ಲೇ ಲೆಕ್ಲರ್ ಕೂಡ ನಿಂತರು, ಉಪಾಯ ಫಲಿಸಲಿಲ್ಲ.

ಆರೋಪ ಮಾಡಿದವರು ಇಲ್ಲಿ ಒಂದು ಸಣ್ಣ ಕಳೆಯುವ ಲೆಕ್ಕ ಮಾಡಿದ್ದರೆ ಸಾಕಿತ್ತು. 70ರಲ್ಲಿ 18 ಕಳೆದರೆ 52. ಐವತ್ತೆರಡು ಸುತ್ತನ್ನು ಒಂದೇ ಜೊತೆ ಟೈರಿನಲ್ಲಿ, ಅದೂ ಲೆಕ್ಲರ್ ಬೆನ್ನಟ್ಟುತ್ತ ಓಡಿಸುವುದು ಆಗುವ ಮಾತಲ್ಲ. ಆದ್ದರಿಂದ ಪಿಯಾಸ್ಟ್ರಿ ಅವರಿಗೆ ಎರಡನೆಯ ನಿಲುಗಡೆ ಅನಿವಾರ್ಯವಾಯಿತು, ಅದು 45ನೆಯ ಸುತ್ತಿನಲ್ಲಿ ನಡೆಯಿತು. ನಾರಿಸ್‌ಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಮುಂದಿದ್ದವರೆಲ್ಲ ಪಿಟ್‌ಗೆ ಹೋದ ಮೇಲೆ ಅವರ ಎದುರಿನ ದಾರಿ ಖಾಲಿಯಾಯಿತು, ಗಾಳಿ ತಿಳಿಯಾಯಿತು. ಅವರು 31ನೆಯ ಸುತ್ತಿನವರೆಗೆ ಹಳೆಯ ಟೈರಿನಲ್ಲೇ ಉಳಿದು, ಒಮ್ಮೆ ಮಾತ್ರ ನಿಂತು, ಮಿಕ್ಕ 39 ಸುತ್ತನ್ನು ಗಟ್ಟಿ ಟೈರಿನಲ್ಲಿ ಮುಗಿಸಿದರು. ಅಲ್ಲಿ ಒಂದು ನಿಲುಗಡೆಗೆ ಸುಮಾರು 20 ಸೆಕೆಂಡು ಹೋಗುತ್ತದೆ. ಒಬ್ಬರು ಆ ದಂಡವನ್ನು ಒಮ್ಮೆ ತೆತ್ತರು, ಇನ್ನೊಬ್ಬರು ಎರಡು ಸಲ ತೆತ್ತು 14 ಸುತ್ತು ಹೊಸದಾದ ಟೈರನ್ನು ಪಡೆದರು. ಇದು ವ್ಯಾಪಾರ, ಇದರಲ್ಲಿ ಮೋಸವೆಲ್ಲಿದೆ?

ಆ ಸಂಜೆ ಕಾರವಾರದಲ್ಲಿ ಮಳೆಯಿತ್ತು, ವಿದ್ಯುತ್ ಇರಲಿಲ್ಲ. ಮೊಮ್ಮಗನ ಮೊಬೈಲನ್ನು ಅಕ್ಕಿಡಬ್ಬಿಗೆ ಒರಗಿಸಿ ಇಬ್ಬರೂ ಕೊನೆಯ ಸುತ್ತುಗಳನ್ನು ನೋಡಿದೆವು. ಹೊಸ ಟೈರಿನ ಪಿಯಾಸ್ಟ್ರಿ ಸುತ್ತಿಗೆ ಇಷ್ಟಿಷ್ಟೇ ಅಂತರ ಕಡಿಮೆ ಮಾಡುತ್ತ ಬಂದು, ನಾರಿಸ್ ಅವರ ಹಿಂಬದಿ ರೆಕ್ಕೆಯ ಬಳಿಗೆ ಬಂದವರು ಅಲ್ಲೇ ಕಟ್ಟಿಹಾಕಿದಂತೆ ಉಳಿದುಬಿಟ್ಟರು. ಕೊನೆಯದಕ್ಕೆ ಹಿಂದಿನ ಸುತ್ತಿನಲ್ಲಿ ಮೊದಲ ತಿರುವಿಗೆ ಒಳಬದಿಯಿಂದ ನುಗ್ಗಿದರು. ಮುಂದಿನ ಚಕ್ರ ಬಿಗಿದು ಬಿಳಿಯ ಹೊಗೆ ಎದ್ದಿತು, ಸಹ ಚಾಲಕನ ಕಾರಿಗೆ ಕೂದಲೆಳೆಯಷ್ಟರಲ್ಲಿ ತಾಗದೆ ಹೋಯಿತು. ಮೊಮ್ಮಗ ಕಣ್ಣು ಮುಚ್ಚಿಕೊಂಡಿದ್ದ. ಅಂತಿಮ ಅಂತರ 0.698 ಸೆಕೆಂಡು. ಅಷ್ಟು ಹತ್ತಿರ ಬಿಟ್ಟು ಸ್ಪರ್ಧಿಸಲು ಅವಕಾಶ ಕೊಟ್ಟ ತಂಡವನ್ನು, ಅದೇ ರೇಸಿನ ಹೆಸರು ಹೇಳಿ ಪಕ್ಷಪಾತಿ ಎನ್ನುವುದು ನ್ಯಾಯವಲ್ಲ. ಪಕ್ಷಪಾತವಿದ್ದಿದ್ದರೆ ‘ಜಾಗ ಕಾಯ್ದುಕೊಳ್ಳಿ’ ಎಂಬ ಒಂದು ಸಂದೇಶ ರೇಡಿಯೊದಲ್ಲಿ ಹೋಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ತಕರಾರು ಇರುವುದು ಸೆಪ್ಟೆಂಬರ್ 7ರಂದು ಇಟಲಿಯ ಮೊಂಜಾದಲ್ಲಿ ನಡೆದ ರೇಸಿನ ಬಗ್ಗೆ. ಅಲ್ಲಿ ರೆಡ್‌ಬುಲ್ ತಂಡದ ಮ್ಯಾಕ್ಸ್ ವರ್‌ಸ್ಟಾಪೆನ್ ಮುಂದಿದ್ದರು, ನಾರಿಸ್ ಎರಡನೆಯವರು, ಪಿಯಾಸ್ಟ್ರಿ ಮೂರನೆಯವರು. ಒಂದೇ ತಂಡದಲ್ಲಿ ಮುಂದಿರುವವನಿಗೆ ಮೊದಲ ನಿಲುಗಡೆ ಎಂಬುದು ರೂಢಿಯ ಪಾಳಿ. ಆ ದಿನ ಹಿಂದಿನಿಂದ ಬರುತ್ತಿದ್ದ ಲೆಕ್ಲರ್ ಅವರಿಂದ ಪಿಯಾಸ್ಟ್ರಿಗೆ ಅಪಾಯವಾಗದಿರಲಿ ಎಂದು ತಂಡ ಪಾಳಿ ತಿರುಗಿಸಿ ಪಿಯಾಸ್ಟ್ರಿ ಅವರನ್ನು ಮೊದಲು ಕರೆಯಿತು. ಇದರಿಂದ ಜಾಗ ಹೋಗುವುದಿಲ್ಲ ಎಂಬ ಭರವಸೆ ನಾರಿಸ್‌ಗೆ ಸಿಕ್ಕಿತು. ಮರುಸುತ್ತಿನಲ್ಲಿ ನಾರಿಸ್ ನಿಂತಾಗ ಮುಂದಿನ ಎಡಚಕ್ರ ಬಿಗಿಯುವುದು ತಡವಾಗಿ ನಿಲುಗಡೆಗೆ 5.9 ಸೆಕೆಂಡು ಹಿಡಿಯಿತು. ಅವರು ಹೊರಬಂದಾಗ ಪಿಯಾಸ್ಟ್ರಿ ಮುಂದಿದ್ದರು. ತಂಡ ರೇಡಿಯೊದಲ್ಲಿ ಹೇಳಿ ಸ್ಥಾನ ಬಿಟ್ಟುಕೊಡಿಸಿತು. ಪಿಯಾಸ್ಟ್ರಿ ಅಸಮಾಧಾನವನ್ನು ಮುಚ್ಚಿಡದೆಯೇ ಮಾತು ಕೇಳಿದರು.

ಕೊಟ್ಟ ಮಾತು ಉಳಿಸಿಕೊಂಡರಲ್ಲ, ತಪ್ಪೇನು ಎಂದು ಮೊಮ್ಮಗ ವಾದಿಸಿದ. ನನ್ನ ಉತ್ತರ ಇಷ್ಟೇ: ಮಾತು ಕೊಟ್ಟದ್ದು ಪಾಳಿಯ ಬಗ್ಗೆ, ಚಕ್ರದ ನಟ್ಟಿನ ಬಗ್ಗೆ ಅಲ್ಲ. ನಿಧಾನವಾದ ನಿಲುಗಡೆ ಆಟದೊಳಗಿನ ಅದೃಷ್ಟ. ಇಂದು ಇವನಿಗೆ, ನಾಳೆ ಅವನಿಗೆ. ಅದನ್ನೂ ತಿದ್ದಲು ಹೊರಟರೆ ತಿದ್ದುವ ಕೆಲಸಕ್ಕೆ ಕೊನೆಯೆಲ್ಲಿ? ಆಗಸ್ಟ್ 31ರಂದು ಡಚ್ ರೇಸಿನಲ್ಲಿ ನಾರಿಸ್ ಅವರ ಕಾರು ಎಣ್ಣೆ ಸೋರಿ ನಿಂತುಹೋಯಿತು. ಎರಡನೆಯ ಸ್ಥಾನದ ಆ 18 ಅಂಕವನ್ನು ಯಾರೂ ಹಿಂದಿರುಗಿಸಲಿಲ್ಲ, ಹಿಂದಿರುಗಿಸಲೂ ಬರುವುದಿಲ್ಲ.

ಮೊಂಜಾದ ಆ ಬದಲಾವಣೆಯ ಬೆಲೆ ಅಬುಧಾಬಿಯಲ್ಲಿ ಗೊತ್ತಾಯಿತು. ಅಂತಿಮ ಪಟ್ಟಿ ಹೀಗಿದೆ: ನಾರಿಸ್ 423, ವರ್‌ಸ್ಟಾಪೆನ್ 421, ಪಿಯಾಸ್ಟ್ರಿ 410. ಎರಡನೆಯ ಸ್ಥಾನಕ್ಕೆ 18, ಮೂರನೆಯದಕ್ಕೆ 15 ಅಂಕ. ಮೊಂಜಾದಲ್ಲಿ ಸ್ಥಾನ ಬಿಟ್ಟುಕೊಡದೆ ಉಳಿದೆಲ್ಲವೂ ಹಾಗೆಯೇ ನಡೆದಿದ್ದರೆ ನಾರಿಸ್ 420ಕ್ಕೆ ನಿಂತು, ವರ್‌ಸ್ಟಾಪೆನ್ ಒಂದಂಕದಿಂದ ಚಾಂಪಿಯನ್ ಆಗುತ್ತಿದ್ದರು. ಅಂದರೆ ಯಾವ ನಿರ್ಧಾರವನ್ನು ನಾನು ತಪ್ಪೆನ್ನುತ್ತಿದ್ದೇನೋ ಅದೇ ತಂಡಕ್ಕೆ ಪ್ರಶಸ್ತಿ ತಂದಿತು ಎಂದು ಯಾರಾದರೂ ವಾದಿಸಬಹುದು. ‘ಉಳಿದೆಲ್ಲವೂ ಹಾಗೆಯೇ’ ಎಂಬುದು ಕಾಗದದ ಮೇಲೆ ಮಾತ್ರ ಸಾಧ್ಯ ಎಂದು ತಿಳಿದೂ ಆ ಮೂರು ಅಂಕ ನನ್ನನ್ನು ಕಾಡುತ್ತಲೇ ಇದೆ. ಹಾಗೆಂದು ಅಭಿಪ್ರಾಯ ಬದಲಿಸಿಲ್ಲ. ಸೋರುವ ದೋಣಿ ದಡ ಮುಟ್ಟಿತೆಂದು ತೂತು ಮುಚ್ಚಿದಂತಾಗುವುದಿಲ್ಲ.

ಈ ಹಠಕ್ಕೆ ನನ್ನದೇ ಒಂದು ಕಹಿ ಅನುಭವ ಕಾರಣ. ನಾನಿದ್ದ ನಿಲ್ದಾಣದಿಂದ ಒಂದು ಮಧ್ಯಾಹ್ನ ಹುಬ್ಬಳ್ಳಿಗೆ ಎರಡು ಬಸ್ಸುಗಳು ಹೊರಡಬೇಕಾಗಿತ್ತು: ಎರಡೂವರೆಗೆ ಒಂದು, ಮೂರಕ್ಕೆ ಇನ್ನೊಂದು. ಮೊದಲನೆಯದರ ಹಿಂದಿನ ಚಕ್ರ ಪ್ಲಾಟ್‌ಫಾರ್ಮಿನಲ್ಲೇ ಪಂಕ್ಚರ್ ಆಯಿತು. ಟೈರು ಘಟಕದಿಂದ ಬರಬೇಕು. ಮೂರರ ಬಸ್ಸು ಸಿದ್ಧವಾಗಿ ನಿಂತಿತ್ತು. ಮೊದಲ ಬಸ್ಸಿನ ಚಾಲಕ ಕಿಟಕಿಯ ಬಳಿ ಬಂದು, “ಸಾಹೇಬ್ರೆ, ಪಾಳಿ ನಂದು. ಅವ ಮುಂದೆ ಹೋದ್ರೆ ದಾರಿ ಮೇಲಿನ ಕಲೆಕ್ಷನ್ ಎಲ್ಲ ಅವನಿಗೇ” ಎಂದ. ಮಾತು ಸುಳ್ಳಾಗಿರಲಿಲ್ಲ. ಅನ್ಯಾಯವಾಗಬಾರದೆಂದು ಮೂರರ ಬಸ್ಸನ್ನು ತಡೆದು ನಿಲ್ಲಿಸಿದೆ. ಚಕ್ರ ಬದಲಾಗಿ ಎರಡೂ ಹೊರಡುವಾಗ ಮೂರೂಕಾಲು. ಅಷ್ಟರಲ್ಲಿ ಹೊರಗೇಟಿನ ಬಳಿ ನಿಂತಿದ್ದ ಖಾಸಗಿ ಟೆಂಪೊ ಅಂಕೋಲಾ, ಯಲ್ಲಾಪುರದ ಪ್ರಯಾಣಿಕರನ್ನೆಲ್ಲ ತುಂಬಿಕೊಂಡು ಹೋಗಿಯಾಗಿತ್ತು. ನಮ್ಮ ಎರಡು ಬಸ್ಸುಗಳು ಅರ್ಧ ಖಾಲಿ ಆಸನಗಳೊಂದಿಗೆ, ಒಂದಕ್ಕೊಂದು ಮೂಗು ತಾಗಿಸಿಕೊಂಡು ಘಟ್ಟ ಹತ್ತಿದವು. ಮರುದಿನ ನನಗೆ ಮೆಮೊ ಬಂತು. ಬರಬೇಕಾದದ್ದೇ.

ಆ ಟೆಂಪೊದ ಜಾಗದಲ್ಲಿ ಈ ವರ್ಷ ವರ್‌ಸ್ಟಾಪೆನ್ ಇದ್ದರು. ಡಚ್ ರೇಸ್ ಮುಗಿದಾಗ ಪಿಯಾಸ್ಟ್ರಿಗಿಂತ 104 ಅಂಕ ಹಿಂದಿದ್ದವರು ಕೊನೆಗೆ ಎರಡೇ ಅಂಕದಿಂದ ಸೋತರು. ಅದರಲ್ಲಿ ಅವರ ಸಾಮರ್ಥ್ಯ ಎಷ್ಟಿದೆಯೋ, ಮೆಕ್‌ಲಾರೆನ್ ಗೇಟಿನ ಬಳಿ ತೆರೆದಿಟ್ಟ ಅವಕಾಶವೂ ಅಷ್ಟೇ ಇದೆ. ನವೆಂಬರ್ 30ರ ಕತಾರ್ ರೇಸನ್ನು ನೋಡಿ. 57 ಸುತ್ತಿನ ಆ ರೇಸಿನಲ್ಲಿ ಸುರಕ್ಷತೆಗಾಗಿ ಒಂದು ಜೊತೆ ಟೈರನ್ನು 25 ಸುತ್ತಿಗಿಂತ ಹೆಚ್ಚು ಬಳಸಕೂಡದೆಂಬ ಮಿತಿ ಇತ್ತು. 7ನೆಯ ಸುತ್ತಿನಲ್ಲಿ ಅಪಘಾತವಾಗಿ, ಎಲ್ಲರ ಮುಂದೆ ಓಡಿ ವೇಗ ತಗ್ಗಿಸುವ ಸೇಫ್ಟಿ ಕಾರ್ ಬಂತು. ಏಳಕ್ಕೆ ಇಪ್ಪತ್ತೈದು, ಮತ್ತೆ ಇಪ್ಪತ್ತೈದು ಸೇರಿಸಿದರೆ ಸರಿಯಾಗಿ ಐವತ್ತೇಳು. ಪಂಚಾಂಗ ನೋಡಿ ಇಟ್ಟ ಮುಹೂರ್ತದಂಥ ಸುತ್ತು ಅದು. ಎಲ್ಲರೂ ನಿಧಾನವಾಗಿ ಹೋಗುವಾಗ ನಿಂತರೆ ಕಳೆದುಕೊಳ್ಳುವ ಕಾಲವೂ ಕಡಿಮೆ. ವರ್‌ಸ್ಟಾಪೆನ್ ಸೇರಿ ಬಹುತೇಕ ಎಲ್ಲರೂ ಪಿಟ್‌ಗೆ ಹೋದರು. ಮೊದಲ ಸ್ಥಾನದಲ್ಲಿದ್ದ ಪಿಯಾಸ್ಟ್ರಿ, ಹಿಂದಿದ್ದ ನಾರಿಸ್, ಇಬ್ಬರೂ ಹೊರಗೇ ಉಳಿದರು. ಫಲಿತಾಂಶ: ವರ್‌ಸ್ಟಾಪೆನ್ ಮೊದಲು, ಪಿಯಾಸ್ಟ್ರಿ ಎರಡು, ನಾರಿಸ್ ನಾಲ್ಕು. ಇಬ್ಬರಲ್ಲಿ ಒಬ್ಬರನ್ನಾದರೂ ಕರೆದಿದ್ದರೆ ಒಂದು ಕಾರಾದರೂ ಸರಿಯಾದ ದಾರಿಯಲ್ಲಿರುತ್ತಿತ್ತು. ಹಂಗೇರಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಉಪಾಯ ಕೊಟ್ಟು ಗೆದ್ದ ತಂಡ ಕತಾರ್‌ನಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿ ಸೋತಿತು. ಪಿಯಾಸ್ಟ್ರಿ ಅವರಿಗೆ ನಿಜವಾಗಿ ಅನ್ಯಾಯವಾದ ದಿನ ಯಾವುದೆಂದು ಕೇಳಿದರೆ ನಾನು ಇದನ್ನು ತೋರಿಸುತ್ತೇನೆ. ಏಕೆಂದರೆ ಆ ವಾರಾಂತ್ಯದಲ್ಲಿ ಅವರೇ ಅತ್ಯಂತ ವೇಗವಾಗಿದ್ದರು.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತಿಗೆ ಈ ತಂಡವೇ ಹಿಂದೊಮ್ಮೆ ಉದಾಹರಣೆಯಾಗಿತ್ತು. 2007ರಲ್ಲಿ ಇದೇ ಮೆಕ್‌ಲಾರೆನ್‌ನ ಹ್ಯಾಮಿಲ್ಟನ್ ಮತ್ತು ಅಲೊನ್ಸೊ ತಲಾ 109 ಅಂಕ ಗಳಿಸಿ ಜಗಳವಾಡುತ್ತಲೇ ಉಳಿದರು. 110 ಗಳಿಸಿದ ಫೆರಾರಿಯ ಕಿಮಿ ರೈಕೊನೆನ್ ಚಾಂಪಿಯನ್ ಆದರು. ಆದರೆ ಒಂದೇ ತಂಡದಲ್ಲಿ ಇಬ್ಬರು ಪೈಪೋಟಿಗಾರರಿರುವುದು ಯಾವಾಗಲೂ ನಷ್ಟವೇ ಎನ್ನುವಂತೆಯೂ ಇಲ್ಲ. 2010ರ ಅಬುಧಾಬಿಯಲ್ಲಿ ರೆಡ್‌ಬುಲ್‌ನ ಮಾರ್ಕ್ ವೆಬರ್ ಮೊದಲೇ ಪಿಟ್‌ಗೆ ಹೋದದ್ದನ್ನು ನೋಡಿದ ಫೆರಾರಿ, ಅವರೇ ಮುಖ್ಯ ಎದುರಾಳಿ ಎಂದು ಅಲೊನ್ಸೊ ಅವರನ್ನೂ ಕರೆಯಿತು. ಅಲೊನ್ಸೊ ಹೊರಬಂದದ್ದು ರೆನೊ ತಂಡದ ವಿಟಾಲಿ ಪೆಟ್ರೊವ್ ಅವರ ಹಿಂದೆ. ತಮಗಿಂತ ನಿಧಾನವಾದ ಆ ಕಾರನ್ನು ರೇಸ್ ಮುಗಿಯುವವರೆಗೂ ದಾಟಲಾಗಲಿಲ್ಲ. ವೆಬರ್ ಅವರ ಜೊತೆಗಾರ ವೆಟ್ಟೆಲ್ ಮುಂದೆ ಹಾಯಾಗಿ ಓಡಿ, ನಾಲ್ಕು ಅಂಕಗಳ ಅಂತರದಿಂದ ಪ್ರಶಸ್ತಿ ಗೆದ್ದರು. ಹಿಂದಿಕ್ಕುವುದು ಸುಲಭವಾಗಿದ್ದರೆ ಫೆರಾರಿಯ ಆ ತಪ್ಪು ಅರ್ಧ ಗಂಟೆಯಲ್ಲಿ ಸರಿಹೋಗುತ್ತಿತ್ತು. ಇನ್ನು 2016ರಲ್ಲಿ ಅದೇ ದಾರಿಯಲ್ಲಿ, ಆಗ ಮರ್ಸಿಡಿಸ್ ತಂಡದಲ್ಲಿದ್ದ ಹ್ಯಾಮಿಲ್ಟನ್, ತಂಡ ಬೇಡವೆಂದರೂ ಕೇಳದೆ, ಮುಂದೆ ಬೇಕೆಂದೇ ನಿಧಾನವಾಗಿ ಓಡಿಸಿ, ಹಿಂದಿದ್ದ ಸಹ ಚಾಲಕ ರೋಸ್‌ಬರ್ಗ್ ಎದುರಾಳಿಗಳ ಕೈಗೆ ಸಿಗುವಂತೆ ನೋಡಿದರು. ರೋಸ್‌ಬರ್ಗ್ ಸಿಗಲಿಲ್ಲ, ಐದು ಅಂಕಗಳಿಂದ ಗೆದ್ದರು. ಹಿಂದಿನವನನ್ನು ಕಟ್ಟಿಹಾಕುವ ಕೆಟ್ಟ ಗಾಳಿಯನ್ನು ಇಷ್ಟು ತಣ್ಣಗೆ ಆಯುಧವಾಗಿ ಬಳಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೆಚ್ಚಬೇಕೋ ಬೈಯಬೇಕೋ ಈಗಲೂ ತಿಳಿಯದು.

ಇಂಥ ಆಟವನ್ನು ವರದಿ ಮಾಡುವಾಗ ‘ಇವರು ಗೆದ್ದರು, ಅವರು ಎರಡನೆಯವರು, ಅಂತರ ಇಷ್ಟು’ ಎಂದು ಮುಗಿಸಿದರೆ ಓದುಗರಿಗೆ ಕಾಣುವುದು ಫಲ ಮಾತ್ರ, ಕಾರಣವಲ್ಲ. ಕಾರಣ ಕಾಣದ ಕಡೆ ಕುತಂತ್ರ ಕಾಣುವುದು ಸಹಜ. ಹಂಗೇರಿಯ ರೇಸಿನ ಮರುದಿನದ ವರದಿಯಲ್ಲಿ ನಾರಿಸ್ 31ರಲ್ಲಿ, ಪಿಯಾಸ್ಟ್ರಿ 18 ಮತ್ತು 45ರಲ್ಲಿ ನಿಂತರು ಎಂಬ ಒಂದೇ ಸಾಲು ಇದ್ದಿದ್ದರೆ, ಆ ಓದುಗರ ಪತ್ರ ಬಹುಶಃ ಬರುತ್ತಲೇ ಇರಲಿಲ್ಲ. ಶಿರಸಿ ಪೇಟೆಯ ಅಡಿಕೆ ಧಾರಣೆಯನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸಿ, ಕನಿಷ್ಠ ಗರಿಷ್ಠ ದರಗಳ ಸಮೇತ ಎರಡು ಇಂಚಿನ ಜಾಗದಲ್ಲಿ ಅಚ್ಚುಕಟ್ಟಾಗಿ ಕೊಡುವ ಪತ್ರಿಕೆಗೆ, ಮೊದಲ ಐದು ಚಾಲಕರು ಯಾವ ಸುತ್ತಿನಲ್ಲಿ ನಿಂತರು, ಯಾವ ಟೈರು ಹಾಕಿಸಿದರು ಎಂಬ ಪುಟ್ಟ ಕೋಷ್ಟಕ ದೊಡ್ಡ ಹೊರೆಯಾಗಲಾರದು.

ಮುಂದಿನ ವರ್ಷ ಇದರ ಅಗತ್ಯ ಇನ್ನೂ ಹೆಚ್ಚು. 2026ರಿಂದ ಡಿಆರ್‌ಎಸ್ ಇರುವುದಿಲ್ಲ. ನೇರದಾರಿಯಲ್ಲಿ ಎಲ್ಲರ ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಮುಂದಿನವನ ಒಂದು ಸೆಕೆಂಡಿನೊಳಗೆ ಇರುವವನಿಗೆ ಬ್ಯಾಟರಿಯಿಂದ ಹೆಚ್ಚಿನ ಬಲ ಸಿಗುತ್ತದೆ. ಕಾರಿನ ಅಗಲ 2 ಮೀಟರಿನಿಂದ 1.9 ಮೀಟರಿಗೆ ಇಳಿಯುತ್ತದೆ. ಇದರಿಂದ ಹಿಂದಿಕ್ಕುವುದು ಸುಲಭವಾಗುತ್ತದೆಂದು ಮೊಮ್ಮಗನ ನಂಬಿಕೆ. ಒಂದೇ ಕೊಟ್ಟಿಗೆಯ ಎರಡು ಕಾರುಗಳಿಗೆ ಬ್ಯಾಟರಿಯೂ ಒಂದೇ ಅಲ್ಲವೇ ಎಂದು ನನ್ನ ಸಂಶಯ. ಮೊದಲ ರೇಸ್ ಮಾರ್ಚ್ 8ರ ಭಾನುವಾರ ಮೆಲ್ಬರ್ನ್‌ನಲ್ಲಿ. ನಮ್ಮಲ್ಲಿ ಅದು ಬೆಳಗಿನ ಹೊತ್ತಿನಲ್ಲೇ ಮುಗಿಯುವುದರಿಂದ ಸೋಮವಾರದ ಸಂಚಿಕೆಯಲ್ಲಿ ಆ ಕೋಷ್ಟಕವನ್ನು ಸೇರಿಸಲು ತಮ್ಮ ಕ್ರೀಡಾ ವಿಭಾಗಕ್ಕೆ ಸಾಕಷ್ಟು ಸಮಯ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಂಚಾರ ನಿಯಂತ್ರಕ
ಕಾರವಾರ